ಅತ್ತೆಯ ಕಣ್ಣಿಗೊಂದು ಗರುಡ

ನಿಜ ಹೇಳುವ ಚಟ ಇರುವವರಿಗೆ ಮನೆಯಲ್ಲಿ ಕಾಫಿ ಯಾವಾಗಲೂ ಸ್ವಲ್ಪ ತಣ್ಣಗೇ ಸಿಗುತ್ತದೆ. ಇದನ್ನು ದೂರು ಎಂದು ಹೇಳುತ್ತಿಲ್ಲ, ಅನುಭವ ಎಂದು ಹೇಳುತ್ತಿದ್ದೇನೆ. ಹಾಗೆಂದು ನಾನೇನೂ ದೊಡ್ಡ ದೊಡ್ಡ ಸತ್ಯಗಳನ್ನು ನುಡಿಯುವವನಲ್ಲ. ಅದಕ್ಕೆಲ್ಲ ಎದೆಗಾರಿಕೆ ಬೇಕು. ಆಫೀಸಿನಲ್ಲಿ ಮ್ಯಾನೇಜರು ಹಗಲನ್ನು ರಾತ್ರಿ ಎಂದರೂ ‘ಕರೆಕ್ಟ್ ಸಾರ್’ ಎನ್ನುತ್ತೇನೆ. ನಮ್ಮ ಬೀದಿಯ ಸಂಘದ ಸಭೆಯಲ್ಲಿ ಯಾರು ಯಾವ ಠರಾವು ಮಂಡಿಸಿದರೂ ಮೊದಲು ಕೈ ಎತ್ತಿಬಿಡುತ್ತೇನೆ, ಅದು ಏನೆಂದು ಆಮೇಲೆ ಪಕ್ಕದವರನ್ನು ಕೇಳುತ್ತೇನೆ. ನನ್ನ ಸತ್ಯನಿಷ್ಠೆಯೆಲ್ಲ ಹಕ್ಕಿಗಳ ವಿಷಯಕ್ಕೆ ಮಾತ್ರ ಮೀಸಲು. ಯಾರಾದರೂ ಕೆಂಬೂತವನ್ನು ತೋರಿಸಿ ‘ನೋಡಿ, ಕೋಗಿಲೆ’ ಎಂದುಬಿಟ್ಟರೆ ನನಗೆ ಅನ್ನ ಸೇರುವುದಿಲ್ಲ. ಅವರ ಹಿಂದೆಯೇ ಹೋಗಿ, ಸಿಗ್ನಲ್ ದಾಟಿಯಾದರೂ ಸರಿ, ‘ಸಾರ್, ಅದು ಕೋಗಿಲೆ ಅಲ್ಲ’ ಎಂದು ಹೇಳಿ ಬಂದರೇ ಸಮಾಧಾನ. ಹಕ್ಕಿಗೆ ಇದರಿಂದ ಏನೂ ಲಾಭವಿಲ್ಲ. ಕೇಳಿಸಿಕೊಂಡವರಿಗಂತೂ ಇಲ್ಲವೇ ಇಲ್ಲ.

ಈ ಚಟ ಅಂಟಿಕೊಂಡದ್ದು ಒಂದು ದುರ್ಬೀನಿನ ದೆಸೆಯಿಂದ. ಜಯನಗರ ನಾಲ್ಕನೇ ಬ್ಲಾಕಿಗೆ ಕುಕ್ಕರಿನ ಗ್ಯಾಸ್ಕೆಟ್ ತರಲು ಹೋದವನು ಗ್ಯಾಸ್ಕೆಟ್ ಮರೆತು ದುರ್ಬೀನು ತಂದೆ. ಆ ವಾರವೆಲ್ಲ ಬೇಳೆ ಬೇಯಲಿಲ್ಲ. ಆದರೆ ನಾನು ತಾರಸಿಯ ಮೇಲೆ ನಿಂತು ಪಿಕಳಾರ, ಸೂರಕ್ಕಿ, ಮಡಿವಾಳ ಎಂದು ಹೆಸರು ಹಿಡಿದು ಹಕ್ಕಿಗಳನ್ನು ಮಾತಾಡಿಸುವಷ್ಟು ಪಂಡಿತನಾದೆ. ಎದುರು ಮನೆಯ ಹುಡುಗಿ ಒಮ್ಮೆ ಕೆಳಗಿನಿಂದಲೇ ‘ಅಂಕಲ್, ಏನ್ ನೋಡ್ತಾ ಇದೀರ ನಮ್ಮನೆ ಕಡೆ?’ ಎಂದು ಕೇಳಿದಳು. ‘ನಿಮ್ಮ ನೀರಿನ ಟ್ಯಾಂಕ್ ಮೇಲೆ ಮೈನಾ ಕೂತಿದೆ ಪುಟ್ಟ’ ಎಂದೆ. ಅಂದಿನಿಂದ ಅವರ ಮನೆಯ ಕಿಟಕಿಗೆ ದಪ್ಪ ಪರದೆ ಬಂತು.

ನಮ್ಮ ಅತ್ತೆ, ಎಂದರೆ ನನ್ನ ಹೆಂಡತಿ ಸುಮಾಳ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ. ನಾವಿರುವುದು ಜೆ.ಪಿ. ನಗರಕ್ಕೆ ಅಂಟಿಕೊಂಡ ಜರಗನಹಳ್ಳಿಯ ಬಾಡಿಗೆ ಮನೆಯಲ್ಲಿ, ಎರಡನೆಯ ಮಹಡಿ. ಆದರೆ ಯಾರಾದರೂ ಕೇಳಿದರೆ ಅತ್ತೆ ಇವತ್ತಿಗೂ ‘ನಾವು ಜಯನಗರದೋರು’ ಎಂದೇ ಹೇಳುತ್ತಾರೆ. ಜರಗನಹಳ್ಳಿಗೆ ಬಂದದ್ದು ಅವರ ಲೆಕ್ಕದಲ್ಲಿ ಕೆಲದಿನದ ಮಟ್ಟಿಗೆ. ಆ ಕೆಲದಿನ ಶುರುವಾಗಿ ಬಹಳ ವರ್ಷವಾಯಿತು. ಜಯನಗರದಿಂದ ಅವರು ಕಟ್ಟಿಕೊಂಡು ಬಂದದ್ದರಲ್ಲಿ ಗರುಡ ನಮಸ್ಕಾರವೂ ಒಂದು. ಆಕಾಶದಲ್ಲಿ ಅಗಲ ರೆಕ್ಕೆಯ ಹಕ್ಕಿ ಸುತ್ತುವುದು ಕಂಡರೆ ಸಾಕು, ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಇಟ್ಟು, ಕೈ ಮುಗಿದು, ಕೆನ್ನೆ ತಟ್ಟಿಕೊಳ್ಳುತ್ತಿದ್ದರು. ಗರುಡ ಕಂಡ ದಿನ ಹೊಸ ಕೆಲಸಕ್ಕೆ ಕೈ ಹಾಕಬಹುದು, ಕಾಣದಿದ್ದರೆ ಮುಂದೂಡಬಹುದು. ನಮ್ಮ ಮದುವೆಯ ಮಾತುಕತೆಗೆ ಹೊರಟ ಬೆಳಿಗ್ಗೆಯೂ ಗರುಡ ಮೂರು ಸುತ್ತು ಬಂದಿತ್ತಂತೆ.

ಒಂದು ದಿನ ತಾರಸಿಯಲ್ಲಿ ಸಂಡಿಗೆ ಒಣಹಾಕುತ್ತ ಅವರು ಹೀಗೆಯೇ ಕೈ ಮುಗಿದಾಗ ನಾನು ದುರ್ಬೀನು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನಾಲಿಗೆ ತಡೆಯಲಿಲ್ಲ. ‘ಅತ್ತೆ, ಅದು ಗರುಡ ಅಲ್ಲ, ಬರೀ ಹದ್ದು’ ಎಂದೆ. ಅಷ್ಟಕ್ಕೇ ಬಿಡದೆ ಪುಸ್ತಕ ತಂದು ಚಿತ್ರ ತೋರಿಸಿದೆ. ಗರುಡನಿಗೆ ತಲೆ, ಎದೆ ಬೆಳ್ಳಗಿರುತ್ತದೆ, ಮಿಕ್ಕ ಮೈ ಕಾವಿ ಬಣ್ಣ; ಕೆರೆಗಳ ಕಡೆ ಆಗೊಂದು ಈಗೊಂದು ಕಾಣಿಸುತ್ತದೆ; ನಮ್ಮ ಬಡಾವಣೆಯ ಮೇಲೆ ಸುತ್ತುವುದೆಲ್ಲ ಕೋಳಿ ಅಂಗಡಿಯ ಹಿಂಭಾಗದ ಮೇಲೆ ಕಣ್ಣಿಟ್ಟ ಹದ್ದುಗಳು ಎಂದು ವಿವರಿಸಿದೆ. ಅತ್ತೆ ಉಳಿದ ಸಂಡಿಗೆಯನ್ನೂ ಇಟ್ಟು ಮುಗಿಸಿದರು. ಆಮೇಲೆ, ‘ಹಾಗಾದ್ರೆ ನಿಮ್ಮ ಮದ್ವೆ ಮಾತುಕತೆ ದಿನ ಕಂಡಿದ್ದೂ ಹದ್ದೇ ಇರ್ಬೇಕು’ ಎಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂತು. ಮೊದಮೊದಲು ಅದು ತಮಾಷೆಯಾಗಿಯೇ ಇತ್ತು. ಪಕ್ಕದ ಮನೆಯ ಹಗ್ಗದ ಮೇಲೆ ಒಣಗುತ್ತಿದ್ದ ನೈಟಿಯನ್ನು ನೋಡಿ ‘ಏನಮ್ಮ, ಊಟ ಆಯ್ತಾ?’ ಎಂದು ವಿಚಾರಿಸಿದರು. ಉತ್ತರ ಬರಲಿಲ್ಲವೆಂದು ಆ ಮನೆಯವರ ಮೇಲೆ ವಾರಗಟ್ಟಲೆ ಮುನಿಸಿಕೊಂಡರು. ಬನಶಂಕರಿ ಗುಡಿಗೆಂದು ಹೊರಟವರು ಯಾವುದೋ ಬಸ್ಸು ಹತ್ತಿ ಬೇಗೂರಿನಲ್ಲಿ ಇಳಿದರು. ಹುಡುಕಿಕೊಂಡು ಹೋದರೆ ನಾಗೇಶ್ವರನ ಗುಡಿಯ ಜಗಲಿಯ ಮೇಲೆ ಪ್ರಸಾದ ತಿನ್ನುತ್ತ ಕುಳಿತಿದ್ದರು. ‘ಅವನೇ ಕರೆಸ್ಕೊಂಡ, ನಾನೇನ್ ಮಾಡ್ಲಿ?’ ಎಂದರು. ಆದರೆ ಒಂದು ಸಂಜೆ ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಮುಗಿಯಿತೆಂದುಕೊಂಡು ಕಾಲಿಟ್ಟರು, ಇನ್ನೂ ಒಂದಿತ್ತು. ಮೂಳೆ ಮುರಿಯಲಿಲ್ಲ, ಪುಣ್ಯ. ಅವರು ನೆಲದ ಮೇಲೆ ಕುಳಿತು, ಎದುರಿಗೇ ನಿಂತಿದ್ದ ನನ್ನನ್ನು ಹುಡುಕುತ್ತ ಗಾಳಿಯಲ್ಲಿ ಕೈಯಾಡಿಸಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇನ್ನು ತಡ ಮಾಡಬೇಡಿ, ಪೊರೆ ಬಲಿತುಬಿಟ್ಟರೆ ಕಷ್ಟ ಎಂದು ಡಾಕ್ಟರೂ ಎಚ್ಚರಿಸಿದರು.

ಅತ್ತೆ ಆಪರೇಷನ್ನಿಗೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿ. ‘ಕಣ್ಣಿನ ವಿಷ್ಯ, ಶಕುನ ನೋಡ್ದೆ ಕೈ ಹಾಕ್ಬಾರ್ದು. ಗರುಡ ದರ್ಶನ ಆಗ್ಲಿ, ಮಾರನೇ ದಿನಾನೇ ಆಸ್ಪತ್ರೆಗೆ ಬರ್ತೀನಿ. ಹದ್ದು ಅಲ್ಲ, ಗರುಡ. ಅಳಿಯಂದಿರು ನೋಡಿ ಹೌದು ಅನ್ಬೇಕು.’

ಮೊದಲಾಗಿದ್ದರೆ ತಾರಸಿಗೆ ಹೋಗಿ ನಿಂತರೆ ಸಾಕಿತ್ತು, ದಿನಕ್ಕೆ ಹತ್ತು ದರ್ಶನ. ಈಗ ಆಕಾಶಕ್ಕೆಲ್ಲ ನಾನೇ ಸರ್ಟಿಫಿಕೇಟ್ ಕೊಡುವ ಅಧಿಕಾರಿಯಾಗಿದ್ದೆ. ಒಂದು ಭಾನುವಾರ ಬೇಗೂರು ಕೆರೆಗೆ ಕರೆದುಕೊಂಡು ಹೋದೆ. ಅದೃಷ್ಟಕ್ಕೆ ನಿಜವಾದ ಗರುಡ ಬಂದು ಆಚೆ ದಡದ ಮರದ ಮೇಲೆ ಕುಳಿತಿತು. ನನಗೆ ಸಂತೋಷ ತಡೆಯಲಾಗಲಿಲ್ಲ.

‘ಅತ್ತೆ, ಅಗೋ, ಗರುಡ!’

‘ಎಲ್ಲಿ?’

‘ಆ ಮರದ ಮೇಲೆ.’

‘ಯಾವ ಮರ?’

‘ಕೆರೆ ಆಚೆ ಇದೆಯಲ್ಲ, ಅದು.’

‘ಯಾವ ಕೆರೆ?’

ನಾನು ನೋಡಿದ್ದೇನಲ್ಲ, ಅದೇ ಸಾಲದೇ ಎಂದು ಕೇಳಿದೆ. ‘ನಾನು ನೋಡಿದ್ರೆ ತಾನೆ ನಂಗೆ ದರ್ಶನ? ನೀವು ನೋಡಿದ್ರೆ ನಿಮ್ಮ ಕಣ್ಣಿಗೆ ಮಾಡಿಸ್ಕೊಳ್ಳಿ’ ಎಂದರು. ಅದೂ ನ್ಯಾಯವೇ. ಹೀಗೆ ಅತ್ತೆಯ ಕಣ್ಣು ಸರಿಹೋಗಬೇಕಾದರೆ ಗರುಡ ಕಾಣಬೇಕು, ಗರುಡ ಕಾಣಬೇಕಾದರೆ ಕಣ್ಣು ಸರಿಯಿರಬೇಕು ಎಂಬಲ್ಲಿಗೆ ಬಂದು ನಮ್ಮ ಸಂಸಾರ ನಿಂತಿತು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಹಿರಿಯರು ಹೇಳಿದ್ದು ಇಂಥದ್ದನ್ನು ನೋಡಿಯೇ ಇರಬೇಕು.

ಸುಮಾ ಸುಲಭದ ದಾರಿ ಹೇಳಿದಳು. ‘ರೀ, ನಾಳೆ ತಾರಸಿಗೆ ಕರ್ಕೊಂಡು ಹೋಗಿ ಯಾವುದಾದ್ರೂ ಹದ್ದು ತೋರ್ಸಿ ಗರುಡ ಅಂದ್ಬಿಡಿ. ಮುಗೀತು.’

‘ಅದು ಹೇಗಾಗುತ್ತೆ? ಹದ್ದು ಹದ್ದೇ.’

‘ಹದ್ದು ಬಂದು ಕಂಪ್ಲೇಂಟ್ ಕೊಡುತ್ತಾ?’

ನಾನು ತತ್ವದ ಮಾತಾಡಿದೆ. ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳ ಜೊತೆ ಮಾತಾಡಿದಳು. ಬಿ.ಟಿ.ಎಂ.ನ ನಮ್ಮ ಆಫೀಸಿನಲ್ಲಿ ಪಕ್ಕದ ಕುರ್ಚಿಯ ಬಸವರಾಜನಿಗೆ ಇದನ್ನೆಲ್ಲ ಹೇಳಿಕೊಂಡೆ. ಅವನು ಗದಗದ ಕಡೆಯವನು, ಮಾತು ನೇರ. ‘ಸರ, ಸಾವಿರ ಸುಳ್ಳ ಹೇಳಿ ಒಂದ್ ಮದಿವಿ ಮಾಡ್ರಿ ಅಂತಾರ. ನೀವು ಒಂದ್ ಸುಳ್ಳ ಹೇಳಿ ಎರಡ್ ಕಣ್ ಮಾಡ್ಸಾಕ ಇಷ್ಟ್ ಹಿಂದ ಮುಂದ ನೋಡ್ತೀರಲ್ರಿ’ ಎಂದ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಹಕ್ಕಿಯ ವಿಷಯದಲ್ಲೂ ಸುಳ್ಳು ಹೇಳಿಬಿಟ್ಟರೆ ನನ್ನ ಹತ್ತಿರ ನಿಜ ಎಂಬುದು ಇನ್ನೇನು ಉಳಿಯುತ್ತದೆ?

ಆಗ ಹೊಳೆದದ್ದು ಕರಾವಳಿ. ನಮ್ಮಲ್ಲಿ ಹುಡುಕಿದರೂ ಸಿಗದ ಗರುಡ ಅಲ್ಲಿ ಬೋಟುಗಳು ಬಂದು ನಿಲ್ಲುವ ಮೀನಿನ ದಕ್ಕೆಯ ಸುತ್ತ ಕಾಗೆಗಳ ಹಾಗೆ ಹಾರಾಡುತ್ತದೆ, ಬೋಟು ದಡಕ್ಕೆ ಬಂದರೆ ತಲೆಯ ಮೇಲೇ ಇಳಿದು ಮೀನು ಎತ್ತಿಕೊಂಡು ಹೋಗುತ್ತದೆ ಎಂದು ಓದಿದ್ದೆ. ಅಷ್ಟು ಹತ್ತಿರ ಬಂದರೆ ಎಂಥ ಪೊರೆಯ ಕಣ್ಣಿಗೂ ಕಾಣಲೇಬೇಕು. ‘ದಸರಾ ರಜಕ್ಕೆ ಉಡುಪಿ ಕಡೆ ಹೋಗೋಣ. ಅತ್ತೆ, ನೀವು ಕೈ ಮುಗಿದರೆ ಇಳಿಸೋಕೆ ಪುರುಸೊತ್ತಿರಲ್ಲ, ನೋಡ್ತಿರಿ’ ಎಂದು ಭರವಸೆ ಕೊಟ್ಟೆ. ಅತ್ತೆ ಅಂದೇ ಸೀರೆ ಮಡಿಸಿಟ್ಟರು.

ರೈಲಿನಿಂದ ಇಳಿದಾಗ ಬೆಳಗಾಗಿತ್ತು, ಮತ್ತು ಗಾಳಿಯಿತ್ತು. ಬೆಂಗಳೂರಿನಲ್ಲಿ ನಾವು ಗಾಳಿ ಎನ್ನುವುದು ಫ್ಯಾನಿಗೆ. ಇದು ಬೇರೆ ಜಾತಿ. ಅತ್ತೆಯ ಸೆರಗು ಅವರನ್ನು ಬಿಟ್ಟು ಮುಂದೆ ಹೊರಟಿತ್ತು, ಸುಮಾಳ ಕೊಡೆ ಬಿಚ್ಚಿದೊಡನೆ ತಟ್ಟೆಯಾಯಿತು. ಹಕ್ಕಿ ನೋಡುವವರು ಹಾಕಬೇಕೆಂದು ನಾನು ಕೊಂಡಿದ್ದ, ಮೈತುಂಬ ಜೇಬುಗಳಿದ್ದ ಜಾಕೀಟಿನ ಒಂದೊಂದು ಜೇಬಿಗೂ ಗಾಳಿ ಹೊಕ್ಕು ನಾನು ಪೂರಿಯ ಹಾಗೆ ಉಬ್ಬಿಕೊಂಡೆ. ಲಾಡ್ಜಿನ ಮ್ಯಾನೇಜರು ನಮ್ಮನ್ನು ನೋಡಿ, ‘ಎಂತ ಸರ್, ಇಂಥ ಗಾಳಿಯಲ್ಲಿ ಬಂದದ್ದು? ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಅಲ್ವಾ’ ಎಂದರು. ನಾನು ಅದನ್ನು ಹವಾಮಾನದ ಮಾತೆಂದು ತಿಳಿದು ತಲೆಯಾಡಿಸಿದೆ. ಅದು ನನ್ನ ಸಂಸಾರದ ಮಾತೆಂದು ದಕ್ಕೆಗೆ ಹೋದ ಮೇಲೆ ಗೊತ್ತಾಯಿತು.

ದಕ್ಕೆಯಲ್ಲಿ ಬೋಟುಗಳೆಲ್ಲ ಹಗ್ಗ ಕಟ್ಟಿಸಿಕೊಂಡು ಒಂದಕ್ಕೊಂದು ಮೈ ತಿಕ್ಕುತ್ತ ನಿಂತಿದ್ದವು. ಮೀನಿನ ವಾಸನೆಯಿತ್ತು, ಮೀನಿರಲಿಲ್ಲ. ಆಕಾಶ ತೊಳೆದಿಟ್ಟ ಹಾಗೆ ಖಾಲಿ. ಖಾಲಿ ಬುಟ್ಟಿಯ ಮುಂದೆ ಕುಳಿತಿದ್ದ ಹೆಂಗಸೊಬ್ಬಳನ್ನು ಗರುಡಗಳೆಲ್ಲ ಎಲ್ಲಿ ಹೋದವು ಎಂದು ಕೇಳಿದೆ. ಊರಿಗೆ ಹೋದ ನೆಂಟರನ್ನು ವಿಚಾರಿಸುವವನನ್ನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ‘ಗಾಳಿಗೆ ಬೋಟು ಹೋಗ್ಲಿಲ್ಲ. ಮೀನಿಲ್ಲದೆ ಅವು ಇಲ್ಲಿ ಎಂತ ಮಾಡುದು? ನಾಡಿದ್ದು ಬನ್ನಿ’ ಎಂದಳು. ನಮ್ಮ ವಾಪಸು ರೈಲು ಅದೇ ಸಂಜೆಗಿತ್ತು.

ಅತ್ತೆ ಕೈ ಮುಗಿಯಲು ತಯಾರಾಗಿ ನಿಂತಿದ್ದರು. ತಲೆಯ ಮೇಲೆ ಕರ್ರಗೆ ಏನೋ ಹಾರಿದ್ದನ್ನು ಕಂಡು, ‘ಅಳಿಯಂದಿರೇ, ಕಾಗೆ ಹಾಗೆ ಹಾರಾಡ್ತಿರುತ್ತೆ ಅಂದಿದ್ರಲ್ಲ, ಇದೇನಾ?’ ಎಂದು ಕೇಳಿದರು.

‘ಅಲ್ಲ ಅತ್ತೆ. ಇದು ಕಾಗೆಯೇ.’

ಸರಿ, ಬಂದದ್ದಾಯಿತು, ದಡದುದ್ದಕ್ಕೂ ನಡೆದು ನೋಡೋಣ ಎಂದು ಹೊರಟೆವು. ಕಡಲು ದೊಡ್ಡ ದನಿಯಲ್ಲಿ ಬೈದುಕೊಳ್ಳುತ್ತಿತ್ತು. ಒದ್ದೆ ಮರಳಿನ ಮೇಲೆ ಏಡಿಗಳು ತಮ್ಮ ಬಿಲದ ಬಾಗಿಲಲ್ಲಿ ಸಣ್ಣ ಸಣ್ಣ ಮರಳಿನ ಉಂಡೆ ಕಟ್ಟಿ, ಹಬ್ಬದ ರಂಗೋಲಿಯ ಹಾಗೆ ಸುತ್ತಲೂ ಜೋಡಿಸಿಟ್ಟಿದ್ದವು. ನಾವು ಹತ್ತಿರ ಹೋದೊಡನೆ ಅಡ್ಡಡ್ಡ ಓಡಿ ಬಿಲ ಸೇರುತ್ತಿದ್ದವು, ತುಸು ಹೊತ್ತಿನಲ್ಲಿ ಕಣ್ಣನ್ನು ಮಾತ್ರ ಮೇಲೆತ್ತಿ ನಾವು ಹೋದೆವಾ ಎಂದು ನೋಡುತ್ತಿದ್ದವು. ನೀರಂಚಿನಲ್ಲಿ ಪುಟ್ಟ ಗೊರವ ಹಕ್ಕಿಗಳ ಹಿಂಡೊಂದು ಅಲೆ ಹಿಂದೆ ಸರಿದರೆ ಅದರ ಹಿಂದೆ ಓಡುತ್ತ, ಅಲೆ ಬಂದರೆ ಮುಂದೆ ಓಡುತ್ತ ಇತ್ತು. ಗಾಳಿ ಜೋರಾದಾಗ ಎಲ್ಲವೂ ಒಂದೇ ಕಡೆ ಮುಖ ಮಾಡಿ, ಬಸ್ಸಿಗೆ ಕಾಯುವವರ ಹಾಗೆ ಒಂಟಿ ಕಾಲಲ್ಲಿ ನಿಂತುಬಿಡುತ್ತಿದ್ದವು. ನನ್ನ ಮನಸ್ಸು ಹೆಸರು ಗುರುತಿಸುವುದರಲ್ಲಿ ಮುಳುಗಿಹೋಗಿ, ಸ್ವಲ್ಪ ಹೊತ್ತು ಅತ್ತೆಯ ಕಣ್ಣಿನ ವಿಷಯವೇ ಮರೆತುಹೋಯಿತು.

ಅತ್ತೆಗೆ ಇದಾವುದೂ ಕಾಣುತ್ತಿರಲಿಲ್ಲ. ಅವರು ಕಾಲಿನಿಂದ ಕಡಲತೀರ ನೋಡುತ್ತಿದ್ದರು. ಕಾಲಿಗೆ ತಗುಲಿದ್ದನ್ನೆಲ್ಲ ಎತ್ತಿ, ಸವರಿ, ಕಪ್ಪೆಚಿಪ್ಪು, ಹವಳದ ಚೂರು ಎಂದು ಹೇಳುತ್ತಿದ್ದರು. ಒಂದು ಸುರುಳಿ ಶಂಖ ಸಿಕ್ಕಿದಾಗ ಮಾತ್ರ ಮುಖ ಅರಳಿತು. ‘ದೇವರ ಮುಂದೆ ಇಡೋಕೆ ಎಷ್ಟು ಚೆನ್ನಾಗಿದೆ’ ಎಂದು ಕರ್ಚೀಫಿನಲ್ಲಿ ಸುತ್ತಿ ಕೈಚೀಲದೊಳಗೆ ಇಟ್ಟುಕೊಂಡರು. ಗೂಡಂಗಡಿಯ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿರುವಾಗ ಅವರ ಕರ್ಚೀಫು ಚೀಲದಿಂದ ತಾನಾಗಿಯೇ ಹೊರಬಂದು ಬೆಂಚಿನ ಮೇಲೆ ನಡೆಯತೊಡಗಿತು. ಸುಮಾ ಕಿರುಚಿ ಚಹಾ ಚೆಲ್ಲಿದಳು. ಶಂಖದೊಳಗೆ ಏಡಿಯೊಂದು ವಾಸವಾಗಿತ್ತು. ವಿಷಯ ತಿಳಿದು ಅತ್ತೆ ಬಹಳ ನೊಂದುಕೊಂಡರು. ‘ಅಯ್ಯೋ, ಮನೆ ಖಾಲಿ ಇದೆ ಅಂದ್ಕೊಂಡ್ನಲ್ಲಪ್ಪ. ಬಾಡಿಗೆದಾರ ಇದ್ದಾನೆ ಅಂತ ಗೊತ್ತಾಗ್ಲಿಲ್ಲ’ ಎಂದು ತಾವೇ ನೀರಿನವರೆಗೆ ಹೋಗಿ ಅದನ್ನು ಬಿಟ್ಟು, ಕ್ಷಮಿಸೆಂದು ಕೆನ್ನೆ ತಟ್ಟಿಕೊಂಡು ಬಂದರು. ಜರಗನಹಳ್ಳಿಯಲ್ಲಿ ನಮಗೆ ಇಂಥ ಓನರು ಸಿಕ್ಕಿಲ್ಲ.

ಮಧ್ಯಾಹ್ನದ ಮೇಲೆ ದಡದ ಬಂಡೆಗಳ ಹತ್ತಿರ ಹೋದಾಗ ಒಂದು ದೊಡ್ಡ ಹಕ್ಕಿ ಕಡಲಿನ ಕಡೆಯಿಂದ ಗಾಳಿಯನ್ನು ಸೀಳಿಕೊಂಡು ತಗ್ಗಿನಲ್ಲೇ ನಮ್ಮ ಮೇಲೆ ಹಾದು ಬಂತು. ಎಂಥ ರೆಕ್ಕೆಗಳು! ಅತ್ತೆಗೂ ನೆರಳು ಗೊತ್ತಾಗಿ ತಲೆ ಎತ್ತಿದರು. ‘ಅದೇನಾ? ಅದೇನಾ ಅಳಿಯಂದಿರೇ?’ ಎಂದು ಕೈ ಜೋಡಿಸಿಯೇಬಿಟ್ಟರು. ಸುಮಾ ನನ್ನ ಕಾಲನ್ನು ಚಪ್ಪಲಿಯಿಂದ ಬಲವಾಗಿ ತುಳಿದಳು. ಒಂದೇ ಒಂದು ‘ಹೌದು’ ಸಾಕಿತ್ತು. ನಾನು ಬಾಯಿ ತೆರೆದೆ, ನಾಲಿಗೆ ತನ್ನ ಅಭ್ಯಾಸದ ಪ್ರಕಾರ ಹೊರಳಿತು. ‘ಇದು ಬಿಳಿಹೊಟ್ಟೆಯ ಕಡಲ ಹದ್ದು ಅತ್ತೆ. ಗರುಡಕ್ಕಿಂತ ಅಪರೂಪ!’

ಅತ್ತೆ ಜೋಡಿಸಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ‘ಅಪರೂಪದ್ದು ನಂಗ್ಯಾಕಪ್ಪ’ ಎಂದರು.

ಸುಮಾ ಅತ್ತೆಯನ್ನು ಬಂಡೆಯ ಮೇಲೆ ಕೂರಿಸಿ, ನನ್ನನ್ನು ಪಕ್ಕಕ್ಕೆ ಕರೆದಳು. ಅವಳು ಕೂಗಾಡಿದ್ದರೆ ಗಾಳಿಯ ಸದ್ದಿನಲ್ಲಿ ಹೋಗುತ್ತಿತ್ತು. ಮೆಲ್ಲಗೆ ಹೇಳಿದಳು. ‘ನಿಮ್ಮ ಸತ್ಯ ನೀವೇ ಇಟ್ಕೊಳ್ಳಿ. ಆದ್ರೆ ಇನ್ಮೇಲೆ ಅಮ್ಮನ್ನ ಕೈ ಹಿಡ್ಕೊಂಡು ಬಚ್ಚಲಿಗೆ ಕರ್ಕೊಂಡು ಹೋಗೋದು, ತಟ್ಟೆಯಲ್ಲಿ ಸಾರು ಎಲ್ಲಿದೆ ಪಲ್ಯ ಎಲ್ಲಿದೆ ಅಂತ ತೋರ್ಸೋದು ಎಲ್ಲಾ ನೀವೇ ಮಾಡ್ಬೇಕು.’ ನಾನು ತಿರುಗಿ ನೋಡಿದೆ. ಅತ್ತೆ ಬಂಡೆಯ ಮೇಲೆ ಕುಳಿತು, ಕಡಲಿರುವ ಕಡೆಗೆ ಬೆನ್ನು ಹಾಕಿ, ಕಡಲನ್ನು ನೋಡುತ್ತಿದ್ದೇನೆಂದುಕೊಂಡು, ಗಾಳಿಗೆ ಕಡಲಿನ ಹಾಗೆಯೇ ಮೊರೆಯುತ್ತಿದ್ದ ತೆಂಗಿನ ತೋಪನ್ನು ನೋಡುತ್ತಿದ್ದರು. ಇನ್ನೊಂದು ಅವಕಾಶ ಸಿಕ್ಕರೆ ಸುಳ್ಳು ಹೇಳಿಯೇಬಿಡುತ್ತೇನೆ, ಕೊಕ್ಕರೆ ಬಂದರೂ ಗರುಡ ಎನ್ನುತ್ತೇನೆ ಎಂದು ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡೆ. ಆದರೆ ಆಮೇಲೆ ಕೊಕ್ಕರೆಯೂ ಬರಲಿಲ್ಲ.

ಹೊರಡುವ ಹೊತ್ತಾಗುತ್ತ ಬಂತು. ಜನ ಸೇರುವ ಕಡಲತೀರದ ಕಡೆಗೆ, ಆಟೋ ಸಿಗುತ್ತದೆಂದು, ವಾಪಸು ಬಂದೆವು. ಅಷ್ಟು ಹೊತ್ತಿಗೆ ಕಡಲಿನ ಹನಿ ಗಾಳಿಯಲ್ಲಿ ಬಂದು ಬಂದು ನನ್ನ ಕನ್ನಡಕದ ಮೇಲೆ ಉಪ್ಪಿನ ಒಂದು ಪದರವೇ ಕೂತಿತ್ತು. ಒರೆಸಿದಷ್ಟೂ ಹರಡುತ್ತಿತ್ತು. ದುರ್ಬೀನಿನ ಗತಿಯೂ ಅದೇ. ಸಂಜೆಯ ಬಿಸಿಲು ಬೇರೆ ಕಣ್ಣಿಗೇ ಹೊಡೆಯುತ್ತಿತ್ತು. ಆಗ ಕಂಡಿತು.

ನಮ್ಮ ಮುಂದೆಯೇ, ತೆಂಗಿನ ಮರದಷ್ಟು ಎತ್ತರದಲ್ಲಿ, ಗಾಳಿಗೆ ಎದುರಾಗಿ ರೆಕ್ಕೆ ಹರಡಿಕೊಂಡು ಅದು ನಿಂತಿತ್ತು. ಕಾವಿ ಬಣ್ಣದ ಮೈ, ಬೆಳ್ಳನೆಯ ತಲೆ. ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಸುಳ್ಳು ಹೇಳುವ ಅಗತ್ಯವೇ ಇಲ್ಲದೆ ದೇವರು ನನ್ನ ಮಾನ ಉಳಿಸಿದ್ದ. ಪುಸ್ತಕದ ಇಂಗ್ಲಿಷ್ ಹೆಸರೇ ಮೊದಲು ಬಾಯಿಗೆ ಬಂತು. ‘ಬ್ರಾಹ್ಮಿಣಿ ಕೈಟ್! ಕೈಟ್! ಅತ್ತೆ, ಗರುಡ! ತಲೆ ಎತ್ತಿ, ಇನ್ನೂ ಸ್ವಲ್ಪ ಬಲಕ್ಕೆ!’ ಎಂದು ಇಡೀ ದಡಕ್ಕೆ ಕೇಳುವ ಹಾಗೆ ಕೂಗಿದೆ. ಅತ್ತೆಯ ಭುಜ ಹಿಡಿದು ತಿರುಗಿಸಿದೆ.

‘ಕಾಣ್ತು’ ಎಂದರು ಅತ್ತೆ. ‘ಏನೋ ಕಾವಿ ಬಣ್ಣ. ಮುಂದೆ ಬೆಳ್ಳಗೆ.’

‘ಅದೇ! ಅದೇ ಗರುಡ!’

‘ಕದಲ್ತಾನೇ ಇಲ್ವಲ್ಲ?’

‘ಅದೇ ಅದರ ವಿಶೇಷ ಅತ್ತೆ. ಜೋರು ಗಾಳಿಯಲ್ಲಿ ರೆಕ್ಕೆ ಬಡಿಯದೆ ನಿಂತಲ್ಲೇ ನಿಲ್ಲುತ್ತೆ. ಬೇಟೆ ಹುಡುಕೋ ಕ್ರಮ ಅದು’ ಎಂದು ವಿವರಿಸಿದೆ. ಅತ್ತೆ ಒಂದು ಕ್ಷಣ ಕಿವಿಗೊಟ್ಟು ಕೇಳುವವರ ಹಾಗೆ ನಿಂತರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, ‘ಗರುಡ ಅಂತೀರಾ?’ ಎಂದರು. ‘ಖಂಡಿತ’ ಎಂದೆ. ಎದೆ ತಟ್ಟಿಕೊಂಡೇ ಹೇಳಿದೆ. ಅವರು ಎರಡೂ ಕೈ ಮೇಲೆತ್ತಿ ಮುಗಿದು, ಕೆನ್ನೆ ತಟ್ಟಿಕೊಂಡು, ‘ಸರಿ. ಆಸ್ಪತ್ರೆಗೆ ಫೋನ್ ಮಾಡಮ್ಮ ಸುಮಾ’ ಎಂದರು. ಸುಮಾ ಅಲ್ಲೇ ನಿಂತು ಅತ್ತುಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು. ಉಪ್ಪು ಇನ್ನಷ್ಟು ಕರಗಿ ಏನೂ ಕಾಣದಾಯಿತು.

ರೈಲ್ವೆ ಸ್ಟೇಷನ್ನಿನಲ್ಲಿ ಅತ್ತೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗಿದ್ದರು. ಸುಮಾ ಎರಡು ಲೋಟ ಕಾಫಿ ಹಿಡಿದು ನಾನಿದ್ದಲ್ಲಿಗೆ ಬಂದಳು. ಕಾಫಿ ಹೊಗೆಯಾಡುತ್ತಿತ್ತು. ‘ಥ್ಯಾಂಕ್ಸ್ ರೀ’ ಎಂದಳು. ಮದುವೆಯಾದ ಮೇಲೆ ಅವಳು ನನಗೆ ಥ್ಯಾಂಕ್ಸ್ ಹೇಳಿದ ನೆನಪಿಲ್ಲ.

‘ಯಾಕೆ?’

‘ನಮ್ಮಮ್ಮನಿಗೋಸ್ಕರ ಒಂದು ಸುಳ್ಳು ಹೇಳಿದ್ರಲ್ಲ. ನೀವು ಹೇಳ್ತೀರ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಅದೂ ಎಷ್ಟು ಚೆನ್ನಾಗಿ! ನಿಂತಲ್ಲೇ ನಿಲ್ಲುತ್ತೆ, ಬೇಟೆ ಕ್ರಮ ಅಂತೆಲ್ಲಾ… ನಂಗೆ ನಗು ತಡ್ಕೊಳ್ಳೋದೇ ಕಷ್ಟ ಆಯ್ತು. ನೀವು ಕೈಟ್ ಕೈಟ್ ಅಂತ ಕೂಗಿದ್ದಕ್ಕೆ ಆ ಗಾಳಿಪಟ ಮಾರೋನು ಇನ್ನೊಂದು ಹದ್ದಿನ ಪಟ ತಗೊಂಡು ಓಡಿಬಂದ. ನಾನೇ ಸನ್ನೆ ಮಾಡಿ ಕಳ್ಸಿದೆ.’

ನಾನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗಾಳಿಪಟ. ಹದ್ದಿನ ಆಕಾರದಲ್ಲಿ ಕತ್ತರಿಸಿ, ಬಣ್ಣ ಬಳಿದು, ದಾರ ಕಟ್ಟಿ ಮಕ್ಕಳಿಗೆ ಮಾರುವ ಪ್ಲಾಸ್ಟಿಕ್ಕಿನ ಪಟ. ಅದಕ್ಕೇ ಅದು ಕದಲಲಿಲ್ಲ. ಅದಕ್ಕೇ ಅಷ್ಟು ಹತ್ತಿರವಿತ್ತು. ಈಗ ನನ್ನ ಮುಂದೆ ಎರಡು ದಾರಿಗಳಿದ್ದವು. ನಾನು ಸುಳ್ಳು ಹೇಳಲಿಲ್ಲ ಸುಮಾ, ನಿಜವಾಗಿಯೂ ಗರುಡ ಎಂದುಕೊಂಡೆ ಎಂದು ಸತ್ಯ ನುಡಿಯಬಹುದಿತ್ತು. ಆಗ ಪ್ಲಾಸ್ಟಿಕ್ಕಿಗೂ ಪಕ್ಷಿಗೂ ವ್ಯತ್ಯಾಸ ಗೊತ್ತಿಲ್ಲದ ಪಕ್ಷಿತಜ್ಞನೆಂಬ ಹೆಸರು ಖಾಯಂ. ಇಲ್ಲವೇ ಹೇಳದ ಸುಳ್ಳನ್ನು ಹೇಳಿದ್ದೇನೆಂದು ಒಪ್ಪಿಕೊಂಡು ದೊಡ್ಡ ಮನುಷ್ಯನಾಗಬಹುದಿತ್ತು. ‘ಏನ್ ಮಾಡೋದು, ಅವರ ಕಣ್ಣಿಗಿಂತ ನನ್ನ ತತ್ವ ದೊಡ್ಡದಾ?’ ಎಂದೆ. ಸುಮಾ ನನ್ನ ತೋಳು ಹಿಡಿದು ಒರಗಿಕೊಂಡಳು. ಅಷ್ಟು ಬಿಸಿಯಾದ ಕಾಫಿಯನ್ನು ನಾನು ಅದುವರೆಗೆ ಕುಡಿದಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಒಂದು ಕಣ್ಣು, ಸ್ವಲ್ಪ ದಿನ ಬಿಟ್ಟು ಇನ್ನೊಂದು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲೆಲ್ಲ ಓಡಾಡಿ, ಮೂಲೆಗಳಲ್ಲಿದ್ದ ಜೇಡರಬಲೆಗಳನ್ನೆಲ್ಲ ಒಂದೊಂದಾಗಿ ಕಂಡುಹಿಡಿದರು. ಸುಮಾಳ ತಲೆಯಲ್ಲಿ ಬಿಳಿಕೂದಲು ಬಂದಿರುವುದನ್ನು ನೋಡಿ ಗಾಬರಿಯಾದರು. ‘ಅಯ್ಯೋ ನೀವು ಇಷ್ಟು ದಪ್ಪ ಆಗಿದೀರಾ!’ ಎಂದು ನನಗೂ ಹೇಳಿದರು. ಸಂತೋಷಪಟ್ಟೆ. ಮೆಟ್ಟಿಲನ್ನು ಅವರು ಯಾರ ಕೈಯನ್ನೂ ಹಿಡಿಯದೆ ಇಳಿಯುವುದನ್ನು ಕೆಳಗೆ ನಿಂತು ನೋಡುವುದೇ ಒಂದು ಹಬ್ಬ.

ಮೊನ್ನೆ ಬೆಳಿಗ್ಗೆ ನಾವಿಬ್ಬರೂ ತಾರಸಿಯಲ್ಲಿದ್ದೆವು. ಮೇಲೆ ಹದ್ದೊಂದು ಸುತ್ತುತ್ತಿತ್ತು. ಅತ್ತೆ ಕಪ್ಪು ಕನ್ನಡಕ ಹಣೆಗೇರಿಸಿ, ಅದನ್ನು ಕಣ್ತುಂಬ ನೋಡಿ, ಕೈ ಮುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು. ‘ಗೊತ್ತು ಅಳಿಯಂದಿರೇ, ಇದು ಹದ್ದು. ಗಾಳಿಪಟಕ್ಕೇ ಕೈ ಮುಗಿದೋಳು ನಾನು. ಇದಕ್ಕೆ ಜೀವ ಆದ್ರೂ ಇದೆ.’

ಅತ್ತೆ ನಗುತ್ತಿದ್ದರು. ‘ಪಟಪಟ ಅಂತ ಹೊಡ್ಕೊಳ್ತಿತ್ತಲ್ಲ. ಕಣ್ಣು ಮಂಜಾಗಿತ್ತು, ಕಿವಿಗೇನಾಗಿತ್ತು ನಂಗೆ?’

‘ಮತ್ತೆ ಯಾಕೆ ಕೈ ಮುಗಿದ್ರಿ?’

‘ಸುಮಾನ್ನ ಕೊಟ್ಟಾಗ್ಲಿಂದ ನೋಡ್ತಿದೀನಿ ನಿಮ್ಮನ್ನ. ಒಂದು ಕಾಗೆ ವಿಷಯಕ್ಕೂ ಸುಳ್ಳು ಹೇಳ್ದೋರಲ್ಲ. ಅಂಥೋರು ನನ್ನ ಕಣ್ಣಿಗೋಸ್ಕರ, ಅಷ್ಟು ಜನರ ಮುಂದೆ ನಿಂತು ಹೇಳಿದ್ರಿ. ಅದಕ್ಕಿಂತ ಒಳ್ಳೇ ಶಕುನ ಯಾವ ಗರುಡ ಕೊಡುತ್ತೆ ಹೇಳಿ?’

ನಾನೂ ಅದನ್ನು ಗರುಡವೆಂದೇ ನಂಬಿದ್ದೆ ಎಂದು ಹೇಳಿಬಿಡಬೇಕೆನಿಸಿತು. ಆದರೆ ಅವರ ಹೊಸ ಕಣ್ಣಿನಲ್ಲಿ ನೀರು ತುಂಬಿತ್ತು, ಕಣ್ಣು ಒರೆಸಿಕೊಳ್ಳಬಾರದೆಂದು ಡಾಕ್ಟರು ಹೇಳಿದ್ದರು. ಅತ್ತೆ ನನ್ನನ್ನು ಪ್ರೀತಿಯಿಂದ ನೋಡಿ, ಮಾತು ಬದಲಿಸಲೆಂದು ಎದುರು ಮನೆಯ ತೆಂಗಿನ ಮರದ ಕಡೆ ಕೈ ತೋರಿಸಿದರು. ‘ಅಲ್ಲಿ ಗರಿ ಮೇಲೆ ಬೆಳ್ಳಗೆ ಕೂತಿದೆಯಲ್ಲ, ಅದು ಯಾವ ಹಕ್ಕಿ ಅಳಿಯಂದಿರೇ?’

ನಾನು ಕನ್ನಡಕ ತೆಗೆದು, ಚೆನ್ನಾಗಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದೆ. ಬೆಳ್ಳಕ್ಕಿಯ ಹಾಗೇ ಇತ್ತು. ಪ್ಲಾಸ್ಟಿಕ್ ಕವರ್ ಆಗಿದ್ದರೂ ಆಗಿರಬಹುದು.

‘ನೀವೇ ಹೇಳಿ ಅತ್ತೆ’ ಎಂದೆ.